ಮಾಸ್ಕೋ ಮೆಟ್ರೊ: ಆಳವನ್ನು ಮರೆಸಿದ ಬೆಳಕು

ಎಲ್ಲರಿಗೂ ನಮಸ್ಕಾರ.

ಮಾಸ್ಕೋದ ಕ್ರೊಪೋಟ್ಕಿನ್ಸ್ಕಯಾ ನಿಲ್ದಾಣದಲ್ಲಿ ನಿಂತು ದೀಪ ಎಲ್ಲಿದೆ ಎಂದು ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಬೆಳಕು ಮಾತ್ರ ತುಂಬಿ ನಿಂತಿರುತ್ತದೆ. ಪ್ಲಾಟ್‌ಫಾರ್ಮಿನ ಎರಡು ಅಂಚಿಗೂ ಹತ್ತು ಮುಖದ ಕಂಬಗಳ ಸಾಲು. ಒಂದೊಂದು ಕಂಬವೂ ಮೇಲೇರುತ್ತ ಹೂವಿನಂತೆ ಅಗಲವಾಗಿ, ಛಾವಣಿಗೆ ತಾಗುವ ಹೊತ್ತಿಗೆ ಐದು ಮೂಲೆಯ ನಕ್ಷತ್ರವಾಗುತ್ತದೆ. ದೀಪಗಳು ಆ ಕಂಬಗಳ ತಲೆಯೊಳಗೆ ಅವಿತಿವೆ. ಬೆಳಕು ಅಲ್ಲಿಂದ ಛಾವಣಿಗೆ ಬಿದ್ದು, ಛಾವಣಿಯಿಂದ ನಮ್ಮ ಮೇಲೆ ಇಳಿಯುತ್ತದೆ. ಇದರಿಂದ ಏನಾಗುತ್ತದೆ ಗೊತ್ತೆ? ಛಾವಣಿ ಕಂಬಗಳ ಮೇಲೆ ಕೂತಿದೆ ಅನ್ನಿಸುವುದೇ ಇಲ್ಲ, ತೇಲುತ್ತಿದೆ ಅನ್ನಿಸುತ್ತದೆ. ಅದರ ಮೇಲೆ ಮಣ್ಣಿದೆ, ರಸ್ತೆಯಿದೆ, ಒಂದು ಊರೇ ಇದೆ ಎಂಬುದು ಮರೆತುಹೋಗುತ್ತದೆ.

ಮಾಸ್ಕೋ ಮೆಟ್ರೊ ಎಂದ ಕೂಡಲೇ ಜನ ಅಮೃತಶಿಲೆ, ಕಂಚು, ತೂಗುದೀಪದ ಗೊಂಚಲುಗಳ ಮಾತಾಡುತ್ತಾರೆ. ನೆಲದಡಿಯ ಅರಮನೆಗಳು ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ನನಗೆ ಆ ಕಲ್ಲಿಗಿಂತ ಬೆಳಕು ದೊಡ್ಡದು. ಪಾತಾಳ ಎಂಬ ಶಬ್ದ ಕಿವಿಗೆ ಬಿದ್ದರೇ ನಮಗೆ ಕತ್ತಲೆ ನೆನಪಾಗುತ್ತದೆ. ಮನುಷ್ಯ ತಾನಾಗಿ ನೆಲದೊಳಗೆ ಇಳಿಯುವ ಪ್ರಾಣಿಯಲ್ಲ. ಅವನನ್ನು ದಿನವೂ ಎರಡು ಹೊತ್ತು ಕೆಳಗಿಳಿಸಿ, ಉಸಿರು ಕಟ್ಟಿದಂತೆ ಅನ್ನಿಸದ ಹಾಗೆ ಮತ್ತೆ ಮೇಲೆ ಕಳಿಸುವುದು ಹೇಗೆ? ಈ ನಿಲ್ದಾಣಗಳನ್ನು ಕಟ್ಟಿದವರಲ್ಲಿ ಒಳ್ಳೆಯವರೆಲ್ಲ ಈ ಒಂದೇ ಪ್ರಶ್ನೆಯ ಹಿಂದೆ ಬಿದ್ದವರು.

ಕ್ರೊಪೋಟ್ಕಿನ್ಸ್ಕಯಾವನ್ನು ಯಾಕೋವ್ ಲಿಖ್ಟೆನ್‌ಬರ್ಗ್ ಜೊತೆ ಸೇರಿ ರೂಪಿಸಿದವರು ಅಲೆಕ್ಸಿ ದುಷ್ಕಿನ್. ಆಗ ಅವರಿಗೆ ಮೂವತ್ತರ ಆಸುಪಾಸು. ಕಂಬಗಳ ಕಲ್ಪನೆಗೆ ಈಜಿಪ್ಟಿನ ಕಾರ್ನಾಕ್ ದೇಗುಲದ ಕಂಬಸಾಲು ಪ್ರೇರಣೆ. ಬೆಳಕನ್ನು ಕಂಬದ ತಲೆಯಲ್ಲಿ ಬಚ್ಚಿಟ್ಟದ್ದು ಅವರದೇ ಬುದ್ಧಿ. 1935ರಲ್ಲಿ ಈ ನಿಲ್ದಾಣ ತೆರೆದಾಗ ಅದರ ಹೆಸರು 'ಸೋವಿಯತ್‌ಗಳ ಅರಮನೆ'. ಯಾಕೆಂದರೆ ಅದರ ಪಕ್ಕದಲ್ಲೇ, ಕ್ರಿಸ್ತ ರಕ್ಷಕನ ಮಹಾಮಂದಿರವನ್ನು 1931ರ ಡಿಸೆಂಬರಿನಲ್ಲಿ ಸಿಡಿಮದ್ದಿಟ್ಟು ಕೆಡವಿದ ಜಾಗದಲ್ಲಿ, ತುದಿಯಲ್ಲಿ ಲೆನಿನ್ ಪ್ರತಿಮೆಯಿರುವ ಜಗತ್ತಿನ ಅತಿ ಎತ್ತರದ ಕಟ್ಟಡ ಏಳಬೇಕಿತ್ತು. ಅಲ್ಲಿಗೆ ಬರುವ ಜನಸಾಗರಕ್ಕೆ ಇದು ಬಾಗಿಲಾಗಬೇಕಿತ್ತು. ಅರಮನೆ ಏಳಲೇ ಇಲ್ಲ. ಅದಕ್ಕೆ ತೋಡಿದ ಗುಂಡಿ 1960ರಲ್ಲಿ ಬಯಲು ಈಜುಕೊಳವಾಯಿತು. ಸೋವಿಯತ್ ಒಕ್ಕೂಟ ಮುಗಿದ ಮೇಲೆ ಅದೇ ಜಾಗದಲ್ಲಿ ಮಹಾಮಂದಿರವನ್ನು ಮತ್ತೆ ಕಟ್ಟಿದರು. ಮೇಲೆ ಇಷ್ಟೆಲ್ಲ ಬಂದು ಹೋದರೂ ಕೆಳಗಿನ ಬಾಗಿಲು ಹಾಗೇ ಉಳಿದಿದೆ. ಬದಲಾದದ್ದು ಹೆಸರು ಮಾತ್ರ, ಅದೂ 1957ರಲ್ಲಿ.

ಸ್ವಲ್ಪ ಹಿಂದಕ್ಕೆ ಹೋಗೋಣ. ಮಾಸ್ಕೋಗೆ ನೆಲದಡಿಯ ರೈಲು ಬೇಕು ಎಂಬ ಆಲೋಚನೆ ತ್ಸಾರ್ ಕಾಲದ್ದು. 1902ರಲ್ಲೇ ಪ್ಯೋತ್ರ್ ಬಾಲಿನ್ಸ್ಕಿ ಎಂಬ ಎಂಜಿನಿಯರ್ ಒಂದು ಯೋಜನೆ ಮುಂದಿಟ್ಟಿದ್ದರು. ನಗರಸಭೆ ಒಪ್ಪಲಿಲ್ಲ, ಧರ್ಮಗುರುಗಳಿಗೂ ಅದು ಹಿಡಿಸಲಿಲ್ಲ. ಆಮೇಲೆ ಯುದ್ಧ, ಕ್ರಾಂತಿ, ಅಂತರ್ಯುದ್ಧ. 1930ರ ಹೊತ್ತಿಗೆ ಹಳ್ಳಿ ಬಿಟ್ಟು ಬಂದವರಿಂದ ಊರು ಉಬ್ಬಿಹೋಗಿತ್ತು, ಟ್ರಾಮಿನ ಮೆಟ್ಟಿಲಿಗೆ ಜನ ಜೋತುಬೀಳುತ್ತಿದ್ದರು. 1931ರ ಜೂನ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಮೆಟ್ರೊ ಕಟ್ಟಲು ತೀರ್ಮಾನಿಸಿತು. ಕೆಲಸಕ್ಕಾಗಿ ಮೆಟ್ರೊಸ್ಟ್ರೊಯ್ ಎಂಬ ಸಂಸ್ಥೆ ಹುಟ್ಟಿತು, ಪಾವೆಲ್ ರೋಟರ್ಟ್ ಅದರ ಮುಖ್ಯಸ್ಥರಾದರು.

ಮೊದಲು ಎದ್ದ ದೊಡ್ಡ ಜಗಳ ಆಳದ್ದು. ರಸ್ತೆಯನ್ನೇ ಅಗೆದು, ಕೆಳಗೆ ಸುರಂಗ ಕಟ್ಟಿ, ಮತ್ತೆ ಮುಚ್ಚುವುದು ಸುಲಭ, ಅಗ್ಗ. ಆದರೆ ಹಾಗೆ ಮಾಡಿದರೆ ಊರಿನ ನಡುಭಾಗದ ಬದುಕು ವರ್ಷಗಟ್ಟಲೆ ನಿಂತುಹೋಗುತ್ತದೆ. ವೆನಿಯಾಮಿನ್ ಮಕೋವ್ಸ್ಕಿ ಎಂಬ ಯುವ ಎಂಜಿನಿಯರ್ ಆಳಕ್ಕೆ ಹೋಗೋಣ ಎಂದು ಪಟ್ಟು ಹಿಡಿದರು. ಲಂಡನ್ ಆಳಕ್ಕೆ ಹೋಗಿತ್ತು ನಿಜ, ಆದರೆ ಲಂಡನ್ನಿನ ಅಡಿಯಲ್ಲಿ ಬೆಣ್ಣೆಯಂತೆ ಕೊರೆಯಬಹುದಾದ ಜೇಡಿ ಇದೆ. ಮಾಸ್ಕೋದ ಅಡಿಯಲ್ಲಿ ಇದ್ದದ್ದು ಹಳೆಯ ನದಿಗಳ ಜಾಡು, ನೀರು ಕುಡಿದು ಗಂಜಿಯಂತೆ ಹರಿಯುವ ಮರಳು, ಅದರ ಕೆಳಗೆ ಜೇಡಿ, ಇನ್ನೂ ಕೆಳಗೆ ಬಿರುಕು ಬಿಟ್ಟ ಸುಣ್ಣಕಲ್ಲು. ಕೊನೆಗೆ ಗೆದ್ದದ್ದು ಆಳವೇ. ಊರಿನ ಮಧ್ಯಭಾಗದಲ್ಲಿ ಸುರಂಗಗಳು ಕೆಳಗಿಳಿದವು.

ಆ ಮಣ್ಣಿನೊಂದಿಗೆ ಗುದ್ದಾಡಿದವರ ಬಗ್ಗೆ ನಾಲ್ಕು ಮಾತು ಹೇಳದೆ ಅಮೃತಶಿಲೆಯ ಕಥೆ ಹೇಳುವುದು ನ್ಯಾಯವಲ್ಲ. 1934ರಲ್ಲಿ 70,000ಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರು. ಅವರಲ್ಲಿ ಬಹಳಷ್ಟು ಮಂದಿ ಅದಕ್ಕೂ ಮೊದಲು ಹೊಲ ಬಿಟ್ಟು ಬೇರೆ ಕೆಲಸ ಮಾಡಿದವರಲ್ಲ. ಯುವ ಕಮ್ಯುನಿಸ್ಟ್ ಸಂಘಟನೆಯಾದ ಕಾಮ್ಸೊಮೊಲ್ ಸಾವಿರಾರು ಹುಡುಗ ಹುಡುಗಿಯರನ್ನು ಕಳಿಸಿತ್ತು. ಸುರಂಗ ಕೊರೆಯುವ ತುದಿಯಲ್ಲಿ ಹೆಣ್ಣುಮಕ್ಕಳೂ ದುಡಿದರು. ನೀರು ನುಗ್ಗುವ ಕಡೆ ಮಣ್ಣನ್ನು ಹೆಪ್ಪುಗಟ್ಟಿಸಿ ಅಗೆದರು. ಇನ್ನು ಕೆಲವು ಕಡೆ ಕೈಸನ್ ಎಂಬ ಮುಚ್ಚಿದ ಕೋಣೆಗೆ ಒತ್ತಡದ ಗಾಳಿ ತುಂಬಿ, ಆ ಗಾಳಿಯಿಂದಲೇ ನೀರನ್ನು ಹಿಂದಕ್ಕೆ ತಳ್ಳಿ ಅಗೆದರು. ಆ ಒತ್ತಡದಿಂದ ಸರಕ್ಕನೆ ಹೊರಬಂದರೆ ರಕ್ತದಲ್ಲಿ ಗುಳ್ಳೆಯೆದ್ದು ಕೀಲುಗಳು ಹಿಡಿದುಕೊಳ್ಳುತ್ತಿದ್ದವು. ಸುರಂಗ ಕೊರೆಯುವ ಒಂದು ಶೀಲ್ಡ್ ಯಂತ್ರ ಇಂಗ್ಲೆಂಡಿನಿಂದ ಬಂತು, ಅದನ್ನು ನೋಡಿ ಉಳಿದವನ್ನು ತಾವೇ ಮಾಡಿಕೊಂಡರು. ಕೆಲಸದ ಬಹುಪಾಲು ಸಾಗಿದ್ದು ಗುದ್ದಲಿ, ಸಲಿಕೆ, ತಳ್ಳುಗಾಡಿಗಳಲ್ಲಿ. ದೇಶದಲ್ಲಿ ಊಟಕ್ಕೇ ತತ್ವಾರವಿದ್ದ ವರ್ಷಗಳು ಅವು. ಉಕ್ರೇನಿನಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತದ್ದು ಇದೇ ಹೊತ್ತಿಗೆ. ಈ ಸೌಂದರ್ಯದ ಬೆಲೆಯನ್ನು ಲೆಕ್ಕ ಹಾಕುವಾಗ ಅದನ್ನು ಪಕ್ಕಕ್ಕಿಡಲು ನನ್ನಿಂದ ಆಗುವುದಿಲ್ಲ.

1935ರ ಮೇ 15ರಂದು, ಬೆಳಗ್ಗೆ 7 ಗಂಟೆಗೆ, ಬಾಗಿಲು ತೆರೆಯಿತು. 13 ನಿಲ್ದಾಣ, ಸುಮಾರು 11 ಕಿಲೋಮೀಟರ್ ದಾರಿ. ರೈಲಿಗಿಂತ ಎಸ್ಕಲೇಟರ್ ನೋಡಿ ಬೆರಗಾದವರೇ ಹೆಚ್ಚಿರಬೇಕು. ತಾನಾಗಿ ಹರಿಯುವ ಮೆಟ್ಟಿಲನ್ನು ಅವರಲ್ಲಿ ಎಷ್ಟೋ ಜನ ಕಂಡದ್ದು ಅದೇ ಮೊದಲು.

ಈಗ ಸ್ವಲ್ಪ ಕಟ್ಟಡದ ಒಳಗುಟ್ಟಿಗೆ ಬರೋಣ. ಆಳದ ನಿಲ್ದಾಣವೆಂದರೆ ಮೂಲತಃ ಪಕ್ಕಪಕ್ಕದಲ್ಲಿ ಮಲಗಿಸಿದ ಮೂರು ಕೊಳವೆಗಳು. ಎರಡು ಬದಿಯವುಗಳಲ್ಲಿ ರೈಲು ಓಡುತ್ತದೆ, ನಡುವಿನದರಲ್ಲಿ ಜನ ಓಡಾಡುತ್ತಾರೆ. ಕೊಳವೆಗಳ ಮಧ್ಯೆ ಉಳಿಯುವ ದಪ್ಪ ಗೋಡೆಯನ್ನು ಅಲ್ಲಲ್ಲಿ ಕೊರೆದು ದಾರಿ ಬಿಡುತ್ತಾರೆ. ದಾರಿಗಳ ನಡುವೆ ಉಳಿಯುವ ಆ ದಿಮ್ಮಿಗಳಿಗೆ ಪೈಲಾನ್ ಎಂದು ಹೆಸರು. ಮೇಲಿನ ಮಣ್ಣಿನ ಭಾರವೆಲ್ಲ ಅವುಗಳ ಮೇಲೆ. ಮೊದಲ ಹಂತದಲ್ಲಿ ನೆಲದ ಮೇಲೆ ಎಷ್ಟು ಅಪನಂಬಿಕೆಯಿತ್ತೆಂದರೆ, ಇವತ್ತಿನ ಲುಬ್ಯಾಂಕಾ ಮತ್ತು ಚಿಸ್ತಿಯೆ ಪ್ರುದಿ ನಿಲ್ದಾಣಗಳಲ್ಲಿ ನಡುವಿನ ಸಭಾಂಗಣವನ್ನು ಪೂರ್ತಿ ಕೊರೆಯುವ ಧೈರ್ಯವನ್ನೇ ಮಾಡಲಿಲ್ಲ. ಅವು ಪೂರ್ಣವಾಗಿದ್ದು 1970ರ ದಶಕದಲ್ಲಿ. ಕ್ರಾಸ್ನಿಯೆ ವೊರೊತಾದಲ್ಲಿ ಮಾತ್ರ ಇವಾನ್ ಫೋಮಿನ್ ಪೈಲಾನುಗಳನ್ನು ಕೆಂಪು ಕಲ್ಲಿನಲ್ಲಿ ಹೊದಿಸಿ, ಅವುಗಳ ಮೈಯಲ್ಲಿ ಗೂಡು ಕೊರೆದು ಭಾರವನ್ನು ಹಗುರಾಗಿ ಕಾಣಿಸಿದರು. ಭಾರ ಕಡಿಮೆಯಾಗಲಿಲ್ಲ, ನೋಡುವವನ ಎದೆಯ ಮೇಲಿನದು ಇಳಿಯಿತು.

ದುಷ್ಕಿನ್‌ಗೆ ಅಷ್ಟು ಸಾಲಲಿಲ್ಲ. ಪೈಲಾನನ್ನೇ ತೆಗೆದುಬಿಟ್ಟರೆ? 1938ರ ಸೆಪ್ಟೆಂಬರ್ 11ರಂದು ತೆರೆದ ಮಯಕೋವ್ಸ್ಕಯಾ ಈ ಪ್ರಶ್ನೆಗೆ ಉತ್ತರ. ನೆಲಮಟ್ಟದಿಂದ 33 ಮೀಟರ್ ಕೆಳಗೆ, ದಪ್ಪ ದಿಮ್ಮಿಗಳ ಜಾಗದಲ್ಲಿ ತೆಳ್ಳನೆಯ ಉಕ್ಕಿನ ಕಂಬಗಳು. ಅಷ್ಟು ಆಳದಲ್ಲಿ ಕಂಬಗಳ ಮೇಲೆ ನಿಂತ ಜಗತ್ತಿನ ಮೊದಲ ನಿಲ್ದಾಣವೆಂದು ಇದನ್ನು ಗುರುತಿಸುತ್ತಾರೆ. ಕಂಬ, ಕಮಾನುಗಳ ಅಂಚಿನುದ್ದಕ್ಕೂ ಸುಕ್ಕುಸುಕ್ಕಾದ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಕೆಳಭಾಗದಲ್ಲಿ ಉರಲ್ ಪರ್ವತದ ಗುಲಾಬಿ ಕಲ್ಲು. ಆ ಉಕ್ಕಿನ ಪಟ್ಟಿಗಳನ್ನು ಮಾಡಿದ್ದು ವಾಯುನೌಕೆ ಕಟ್ಟುವ ಕಾರ್ಖಾನೆಯಲ್ಲಿ. ಬೆಳಕು ಬಿದ್ದಾಗ ಉಕ್ಕು ಮಿನುಗುತ್ತದೆ, ಕಂಬ ಇನ್ನಷ್ಟು ತೆಳ್ಳಗೆ ಕಾಣುತ್ತದೆ.

ತಲೆ ಎತ್ತಿದರೆ ಸಾಲು ಸಾಲಾಗಿ ಅಂಡಾಕಾರದ ಗುಮ್ಮಟಗಳು. ಒಂದೊಂದರ ಸುತ್ತ ದೀಪಗಳ ಉಂಗುರ, ನಟ್ಟನಡುವೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಒಂದು ಮೊಸಾಯಿಕ್ ಚಿತ್ರ. ಹೊಯ್ಸಳ ಗುಡಿಯ ನವರಂಗದಲ್ಲಿ ನಿಂತು ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಛಾವಣಿಯನ್ನು, ನೋಡಿದವರಿಗೆ ಈ ಅನುಭವ ಹೊಸದಲ್ಲ. ಸರಿಯಾಗಿ ಅಡಿಯಲ್ಲೇ ಹೋಗಿ ನಿಲ್ಲಬೇಕು, ಆಗ ಮಾತ್ರ ಅದು ತೆರೆದುಕೊಳ್ಳುತ್ತದೆ. ಚಿತ್ರಗಳ ಕಲ್ಪನೆ ಅಲೆಕ್ಸಾಂಡರ್ ದೈನೇಕಾ ಅವರದು, ವಿಷಯ 'ಸೋವಿಯತ್ ನಾಡಿನ ಒಂದು ಹಗಲು ರಾತ್ರಿ'. ಬೆಳಗು, ಹಗಲು, ಇರುಳು, ಮತ್ತೆ ಬೆಳಗು. ಎಲ್ಲ ಚಿತ್ರದಲ್ಲೂ ನಾವು ಕೆಳಗೆ ನಿಂತು ಆಕಾಶ ನೋಡುತ್ತಿದ್ದೇವೆ. ವಿಮಾನಗಳು, ಪ್ಯಾರಾಚೂಟುಗಳು, ಸೇಬಿನ ಕೊಂಬೆ, ನೀರಿಗೆ ಹಾರುವ ಈಜುಗಾರ. 35 ಚಿತ್ರಗಳಲ್ಲಿ ಈಗ 34 ಉಳಿದಿವೆ. ಮೂವತ್ತಮೂರು ಮೀಟರ್ ಮಣ್ಣಿನ ಅಡಿಯಲ್ಲಿ ಛಾವಣಿಗೆ ತೂತು ಕೊರೆದು ಆಕಾಶ ತೋರಿಸಿದ ಹಾಗೆ! ಮರುವರ್ಷ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಈ ನಿಲ್ದಾಣದ ಮಾದರಿಗೆ ದೊಡ್ಡ ಬಹುಮಾನ ಬಂತು. ಸಲಹೆಗಾರರಾಗಿ ನೆರವಾಗಿದ್ದ ಲಂಡನ್ನಿನವರು ಕೂಡ ಮುಂದೆ ಮಾಸ್ಕೋದಿಂದ ಕಲಿತರು. ಚಾರ್ಲ್ಸ್ ಹೋಲ್ಡನ್ ರೂಪಿಸಿದ ಗ್ಯಾಂಟ್ಸ್ ಹಿಲ್ ನಿಲ್ದಾಣದ ಕಮಾನಿನ ಸಭಾಂಗಣ ಮಾಸ್ಕೋದ ನೆನಪಿನಲ್ಲೇ ಕಟ್ಟಿದ್ದು.

ಅದೇ 1938ರಲ್ಲಿ ದುಷ್ಕಿನ್ 'ಕ್ರಾಂತಿ ಚೌಕ' ನಿಲ್ದಾಣವನ್ನೂ ಮುಗಿಸಿದರು. ಅಲ್ಲಿ ಕಮಾನುಗಳ ಮೂಲೆಮೂಲೆಯಲ್ಲಿ ಮತ್ವೇ ಮನಿಝರ್ ಮತ್ತು ಅವರ ಸಹಾಯಕರು ಮಾಡಿದ 76 ಕಂಚಿನ ಆಳೆತ್ತರದ ಶಿಲ್ಪಗಳಿವೆ. ಕಮಾನು ತಗ್ಗು, ಹಾಗಾಗಿ ಹೆಚ್ಚಿನವರು ಕೂತಿದ್ದಾರೆ, ಇಲ್ಲವೇ ಮಂಡಿಯೂರಿದ್ದಾರೆ. ಗಡಿ ಕಾಯುವ ಯೋಧನ ನಾಯಿಯ ಮೂತಿ ಫಳಫಳ ಹೊಳೆಯುತ್ತದೆ. ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು ಅದನ್ನು ಸವರಿ ಹೋಗುವುದು ರೂಢಿ. ಇಲ್ಲಿ ಕಂಚು ಬೆಳಕನ್ನು ನುಂಗುತ್ತದೆ ಎಂಬುದು ನನ್ನ ತಕರಾರು. ದುಷ್ಕಿನ್ ನಿಲ್ದಾಣಗಳಲ್ಲಿ ನನಗೆ ತುಸು ಭಾರ ಅನ್ನಿಸುವುದು ಇದೊಂದೇ.

ಯುದ್ಧ ಬಂತು. 1941ರ ಅಕ್ಟೋಬರಿನಲ್ಲಿ ಜರ್ಮನ್ ಸೇನೆ ಊರಿನ ಹೊಸ್ತಿಲಲ್ಲಿತ್ತು. ಶತ್ರುವಿನ ಕೈಗೆ ಸಿಗಬಾರದೆಂದು ಮೆಟ್ರೊವನ್ನೇ ನಾಶಮಾಡುವ ಆದೇಶ ಹೊರಟಿತು. ಅಕ್ಟೋಬರ್ 16ರ ಬೆಳಗ್ಗೆ ನಿಲ್ದಾಣಗಳ ಬಾಗಿಲು ತೆರೆಯಲಿಲ್ಲ, ಯಂತ್ರಗಳನ್ನು ಕಳಚತೊಡಗಿದರು. ಅದೇ ದಿನ ಆದೇಶ ಹಿಂದಕ್ಕೆ ಬಂತು, ಸಂಜೆಗೆ ರೈಲು ಮತ್ತೆ ಓಡಿತು. ರಾತ್ರಿಗಳಲ್ಲಿ ಊರಿನ ಜನ ನಿಲ್ದಾಣಗಳಲ್ಲಿ, ಸುರಂಗಗಳಲ್ಲಿ ಮಲಗಿದರು. ಬಾಂಬ್ ದಾಳಿಯ ಆ ದಿನಗಳಲ್ಲಿ ಮೆಟ್ರೊದೊಳಗೆ 217 ಮಕ್ಕಳು ಹುಟ್ಟಿದರೆಂದು ಹೇಳುತ್ತಾರೆ. ಈಗಿನ ಚಿಸ್ತಿಯೆ ಪ್ರುದಿಯಲ್ಲಿ ಪ್ಲಾಟ್‌ಫಾರ್ಮಿಗೆ ಅಡ್ಡಗೋಡೆ ಕಟ್ಟಿ ಸೇನೆಯ ಮುಖ್ಯ ಕಚೇರಿ ಕೂತಿತ್ತು, ರೈಲುಗಳು ನಿಲ್ಲದೆ ಹಾದುಹೋಗುತ್ತಿದ್ದವು. ನವೆಂಬರ್ 6ರಂದು ಕ್ರಾಂತಿಯ ವಾರ್ಷಿಕ ಸಭೆ ನಡೆದದ್ದು ಮಯಕೋವ್ಸ್ಕಯಾದಲ್ಲಿ. ಸ್ಟಾಲಿನ್ ಮಾತಾಡಿದರು, ಮೇಲೆ ದೈನೇಕಾನ ವಿಮಾನಗಳು.

ಯುದ್ಧ ನಡೆಯುತ್ತಿರುವಾಗಲೇ ಏಳು ಹೊಸ ನಿಲ್ದಾಣ ತೆರೆದವು ಎಂಬುದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ತೀರುವುದಿಲ್ಲ. ಅವುಗಳಲ್ಲಿ ಎಲೆಕ್ಟ್ರೊಜಾವೊದ್‌ಸ್ಕಯಾ ಎಂಬುದು ವಿದ್ಯುತ್ ಬಲ್ಬಿನ ಕಾರ್ಖಾನೆಯ ಹೆಸರಿನದು. 1944ರಲ್ಲಿ ತೆರೆದ ಆ ನಿಲ್ದಾಣದ ಛಾವಣಿಯಲ್ಲಿ ಆರು ಸಾಲಾಗಿ 318 ದುಂಡು ದೀಪಗಳಿವೆ. ಮೇಲೆ ಊರಿಗೆ ಊರೇ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಕೂತ ವರ್ಷಗಳ ನಡುವೆ ಕಟ್ಟಿದ ನಿಲ್ದಾಣ ಅದು.

ಯುದ್ಧ ಗೆದ್ದ ಮೇಲೆ ಬಂದದ್ದು 1950ರಿಂದ 1954ರವರೆಗೆ ಹಂತಹಂತವಾಗಿ ತೆರೆದ ವೃತ್ತಮಾರ್ಗ. ವಿಜಯದ ಸಂಭ್ರಮ ಇಲ್ಲಿ ಮೇರೆ ಮೀರಿತು. ಕಾಮ್ಸೊಮೊಲ್ಸ್ಕಯಾದ ಹಳದಿ ಛಾವಣಿ, ಗಾರೆಯ ಬಳ್ಳಿಗಳು, ಪಾವೆಲ್ ಕೋರಿನ್ ಬಿಡಿಸಿದ ಎಂಟು ಹೊಂಬಣ್ಣದ ಮೊಸಾಯಿಕ್‌ಗಳು, ಸೇನಾನಿಗಳು, ಧ್ವಜಗಳು. ಅದರ ವಾಸ್ತುಶಿಲ್ಪಿ ಅಲೆಕ್ಸಿ ಶ್ಚುಸೆವ್ ಲೆನಿನ್ ಸಮಾಧಿಯನ್ನೂ ಕಟ್ಟಿದವರು. ಈ ನಿಲ್ದಾಣ ತೆರೆಯುವ ಮೊದಲೇ, 1949ರಲ್ಲಿ ತೀರಿಕೊಂಡರು. ಪ್ರವಾಸಿಗರು ಇಲ್ಲೇ ಹೆಚ್ಚು ಫೋಟೊ ತೆಗೆಯುತ್ತಾರೆ. ನಾನೂ ನಿಂತು ನೋಡುತ್ತೇನೆ, ಆದರೆ ಇಲ್ಲಿ ಬೆಳಕು ಅಲಂಕಾರದ ಆಳಾಗಿದೆ.

ಅದೇ ದಿನ, 1952ರ ಜನವರಿ 30ರಂದು, ಅದೇ ಮಾರ್ಗದಲ್ಲಿ ತೆರೆದ ನೊವೊಸ್ಲೊಬೊದ್ಸ್ಕಯಾಕ್ಕೆ ಬನ್ನಿ. ಮತ್ತೆ ದುಷ್ಕಿನ್. ನೆಲದಡಿಯಲ್ಲಿ ಬಣ್ಣದ ಗಾಜಿನ ಕಿಟಕಿ ಬೇಕೆಂಬುದು ಅವರ ಬಹುಕಾಲದ ಆಸೆ. ಕಿಟಕಿಗೆ ಹಿಂದಿನಿಂದ ಸೂರ್ಯ ಬೇಕು. ಇಲ್ಲಿ ಗಾಜಿನ ಹಿಂದೆ ದೀಪವಿಟ್ಟರು. ಕೋರಿನ್ ರೇಖಾಚಿತ್ರ ಬರೆದರು, ಇಗರ್ಜಿಗಳ ಬಣ್ಣದ ಗಾಜಿನ ಕಸುಬು ಉಳಿಸಿಕೊಂಡಿದ್ದ ಲಾಟ್ವಿಯಾದ ರಿಗಾ ನಗರದ ಕುಶಲಕರ್ಮಿಗಳು 32 ಫಲಕಗಳನ್ನು ಮಾಡಿಕೊಟ್ಟರು. ಪೈಲಾನಿನ ಮೈಯೇ ಬೆಳಗುತ್ತದೆ. ಹದಿನೇಳು ವರ್ಷದ ಹಿಂದೆ ಕಂಬದ ತಲೆಯಲ್ಲಿ ದೀಪ ಬಚ್ಚಿಟ್ಟ ಮನುಷ್ಯ, ಭಾರ ಹೊರುವ ಗೋಡೆಯನ್ನೇ ಈಗ ದೀಪ ಮಾಡಿದ್ದ. ಮೆಟ್ರೊಗಾಗಿ ಅವರು ಕಟ್ಟಿದ ಕೊನೆಯ ನಿಲ್ದಾಣ ಇದು.

ಯಾಕೆ ಕೊನೆಯದು? 1955ರ ನವೆಂಬರ್ 4ರಂದು ಒಂದು ಸರ್ಕಾರಿ ಆದೇಶ ಬಂತು, 'ವಿನ್ಯಾಸ ಮತ್ತು ನಿರ್ಮಾಣದಲ್ಲಿನ ಅತಿರೇಕಗಳ ನಿವಾರಣೆ' ಎಂಬ ತಲೆಬರಹದ್ದು. ಅದರ ಹಿಂದಿದ್ದವರು ಆಗಿನ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್. 1930ರ ದಶಕದಲ್ಲಿ ಇದೇ ಮೆಟ್ರೊದ ಸುರಂಗಗಳಲ್ಲಿ ಓಡಾಡಿ ಕೆಲಸದ ಮೇಲ್ವಿಚಾರಣೆ ಮಾಡಿದವರೂ ಅವರೇ. ಜನ ಒಂದೊಂದು ಕೋಣೆಯಲ್ಲಿ ಮೂರು ಸಂಸಾರ ಮಾಡುತ್ತಿದ್ದ ಕಾಲ. ಮನೆ ಬೇಕಿತ್ತು, ಗೊಂಚಲು ದೀಪವಲ್ಲ. ಆ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಮುಂದಿನ ಇಪ್ಪತ್ತು ವರ್ಷ ಹೊರವಲಯಗಳಲ್ಲಿ ಎದ್ದದ್ದು ಒಂದೇ ಅಚ್ಚಿನ ನಿಲ್ದಾಣಗಳು. ಹೆಚ್ಚು ಆಳವಿಲ್ಲ, ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್, ಎರಡು ಸಾಲಿನಲ್ಲಿ ಒಟ್ಟೊಟ್ಟಾಗಿ ಕಂಬಗಳು, ಗೋಡೆಗೆ ಸ್ನಾನದ ಮನೆಯ ಬಿಲ್ಲೆ. ಮಾಸ್ಕೋದವರು ಇವುಗಳಿಗೆ ಜರಿಹುಳು ಎಂದು ಹೆಸರಿಟ್ಟರು.

ಆ ಬಡತನದಿಂದ ನಿಲ್ದಾಣಗಳನ್ನು ಮತ್ತೆ ಎತ್ತಿದವರಲ್ಲಿ ನೀನಾ ಅಲ್ಯೋಷಿನಾ ದೊಡ್ಡ ಹೆಸರು. ದುಬಾರಿ ಸಾಮಾನಿಲ್ಲದೆಯೂ ಬೆಳಕು ಆಡಿಸಬಹುದು ಎಂದು ತೋರಿಸಿದರು. 1975ರ ಕುಜ್ನೆಟ್ಸ್ಕಿ ಮೋಸ್ತ್‌ನಲ್ಲಿ ಸಾದಾ ಬೂದು ಅಮೃತಶಿಲೆಯ ಕಮಾನುಗಳು ಸೇತುವೆಯ ಸಾಲಿನಂತೆ ಓಡುತ್ತವೆ. 'ಮೋಸ್ತ್' ಎಂದರೆ ಸೇತುವೆಯೇ. ಇತ್ತೀಚಿನವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2003ರಲ್ಲಿ ತೆರೆದ ಪಾರ್ಕ್ ಪಬೇದಿ 84 ಮೀಟರ್ ಆಳದಲ್ಲಿದೆ, ಅದರ ಎಸ್ಕಲೇಟರ್ 126 ಮೀಟರ್ ಉದ್ದ, ಇಳಿಯಲು ಸುಮಾರು ಮೂರು ನಿಮಿಷ ಬೇಕು. 2023ರಲ್ಲಿ 70 ಕಿಲೋಮೀಟರಿನ ಹೊಸ ದೊಡ್ಡ ವೃತ್ತಮಾರ್ಗ ಪೂರ್ಣವಾಯಿತು.

ರೈಲಿನ ಧ್ವನಿಯ ಬಗ್ಗೆಯೂ ಒಂದು ಮಾತು. ಊರಿನ ನಡುಭಾಗದ ಕಡೆ ಹೋಗುವ ರೈಲಿನಲ್ಲಿ ನಿಲ್ದಾಣದ ಹೆಸರನ್ನು ಗಂಡು ದನಿ ಕೂಗುತ್ತದೆ, ಹೊರವಲಯಕ್ಕೆ ಹೋಗುವುದರಲ್ಲಿ ಹೆಣ್ಣು ದನಿ. ಕಣ್ಣು ಕಾಣದವರಿಗೆ ದಿಕ್ಕು ತಿಳಿಸಲು ಅಷ್ಟು ಸಾಕು.

ಇನ್ನು, ಮಾಸ್ಕೋಗೆ ಹೋದರೆ ಒಂದೇ ನಿಲ್ದಾಣ ನೋಡಲು ಸಮಯವಿದ್ದರೆ ಯಾವುದು ಎಂದು ಕೇಳುವವರಿದ್ದಾರೆ. ಮಯಕೋವ್ಸ್ಕಯಾ ಎನ್ನಬೇಕಿತ್ತು. ನಾನು ನೊವೊಕುಜ್ನೆಟ್ಸ್ಕಯಾ ಎನ್ನುತ್ತೇನೆ. ಇವಾನ್ ತರಾನೊವ್ ಮತ್ತು ನದೆಜ್ದಾ ಬಿಕೋವಾ ದಂಪತಿ ರೂಪಿಸಿದ, 1943ರ ನವೆಂಬರಿನಲ್ಲಿ ತೆರೆದ ನಿಲ್ದಾಣ. ಅದರ ಛಾವಣಿಯ ನಡುಗೆರೆಯಲ್ಲಿ ಏಳು ಮೊಸಾಯಿಕ್‌ಗಳಿವೆ. ರೇಖೆ ದೈನೇಕಾ ಅವರದು. ಕಲ್ಲುಗಾಜಿನ ಚೂರು ಜೋಡಿಸಿದವರು ವ್ಲಾದಿಮಿರ್ ಫ್ರೊಲೊವ್, ಮಯಕೋವ್ಸ್ಕಯಾದ ಆಕಾಶಗಳನ್ನು ಜೋಡಿಸಿದ ಅದೇ ಕೈ. ಅವರ ಮನೆತನದ ಕಾರ್ಯಾಗಾರ ಸೇಂಟ್ ಪೀಟರ್ಸ್‌ಬರ್ಗಿನ ರಕ್ತಸಿಕ್ತ ರಕ್ಷಕನ ಚರ್ಚಿನ ಮೊಸಾಯಿಕ್‌ಗಳನ್ನು ಮಾಡಿತ್ತು. 1941ರ ಸೆಪ್ಟೆಂಬರಿನಲ್ಲಿ ಆ ಊರಿಗೆ, ಅಂದರೆ ಲೆನಿನ್‌ಗ್ರಾದ್‌ಗೆ, ಮುತ್ತಿಗೆ ಬಿತ್ತು. ಫ್ರೊಲೊವ್ ಊರು ಬಿಡಲಿಲ್ಲ. ವಯಸ್ಸು 67. ಅನ್ನವಿಲ್ಲ, ಬೆಂಕಿಯಿಲ್ಲ, ವಿದ್ಯುತ್ ಇಲ್ಲ. ಆ ಚಳಿಗಾಲದಲ್ಲಿ ಕೂತು ಮಾಸ್ಕೋದ ಮೆಟ್ರೊಗೆ ಹಣ್ಣು ಬಿಡಿಸುವವರನ್ನು, ಉಕ್ಕು ಕರಗಿಸುವವರನ್ನು, ಮನೆ ಕಟ್ಟುವವರನ್ನು ಒಂದೊಂದೇ ಚೂರಾಗಿ ಜೋಡಿಸಿದರು. 1942ರ ಫೆಬ್ರವರಿಯಲ್ಲಿ ತೀರಿಕೊಂಡರು. ಚಿತ್ರಗಳು ಮುತ್ತಿಗೆ ದಾಟಿ ಮಾಸ್ಕೋ ತಲುಪಿದವು.

ನೊವೊಕುಜ್ನೆಟ್ಸ್ಕಯಾದಲ್ಲಿ ದೀಪಗಳು ನೆಲದಿಂದೆದ್ದ ಅಮೃತಶಿಲೆಯ ಕಂಬಗಳ ಮೇಲಿವೆ, ಹಾಗಾಗಿ ಛಾವಣಿಯ ಚಿತ್ರಗಳು ಒಂದಿಷ್ಟು ಮಬ್ಬಿನಲ್ಲೇ ಉಳಿಯುತ್ತವೆ. ಜನ ಕೆಳಗೆ ನೋಡುತ್ತ ಓಡುತ್ತಿರುತ್ತಾರೆ. ಒಂದು ರೈಲು ಹೋಗಲು ಬಿಡಿ. ಪ್ಲಾಟ್‌ಫಾರ್ಮ್ ಖಾಲಿಯಾದಾಗ ನಡುವೆ ನಿಂತು ತಲೆ ಎತ್ತಿ. ಕಣ್ಣು ಮಬ್ಬಿಗೆ ಒಗ್ಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಮೊದಲು ಕಾಣುವುದು ಆಕಾಶದ ನೀಲಿ.